ಮಗಳಿಗೆ ಒಳ್ಳೆಯ ಹಾಕಿ ಕೋಚ್ ಯಾರು ಅಂತ ನೋಡುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಮೈಸೂರಿನಿಂದ ವಿರಾಜಪೇಟೆಗೆ ವರ್ಗವಾಗಿ ಬಂದಿದ್ದೀರಿ. ಮಗಳು ಎಂಟನೇ ಕ್ಲಾಸು, ಹಾಕಿ ಹುಚ್ಚು. ನೋಡಿದ ಎರಡು ಶಾಲೆಗಳಲ್ಲಿ ಒಂದರ ಕೋಚ್ ರಾಜ್ಯ ತಂಡದಲ್ಲಿ ಆಡಿದವರು, ಆಫೀಸಿನ ತುಂಬಾ ಕಪ್ಪುಗಳು. ಇನ್ನೊಂದರಲ್ಲಿ ಇರುವುದು "ಬರೀ ಪಿ.ಟಿ. ಮಾಸ್ಟ್ರು". ಯಾರನ್ನು ನಂಬುವುದು?

ನಾನೂ ಬರೀ ಪಿ.ಟಿ. ಮಾಸ್ಟ್ರೇ. ಇಲ್ಲೇ ಕೊಡಗಿನ ಒಂದು ಹೈಸ್ಕೂಲಿನಲ್ಲಿ 19 ವರ್ಷದಿಂದ ವಿಸಿಲ್ ಊದುತ್ತಿದ್ದೇನೆ. ಹಾಗಾಗಿ ನನ್ನ ಮಾತನ್ನು ಸ್ವಲ್ಪ ಸೋಸಿಕೊಂಡೇ ಕೇಳಿ.

ಮೊದಲು ನಾನು ಕೆಟ್ಟ ಕೋಚ್ ಆಗಿದ್ದ ಕಾಲದ ಒಂದು ಕತೆ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ನಮ್ಮ ಸೆಂಟರ್ ಹಾಫ್, ಅಂದರೆ ಗ್ರೌಂಡಿನ ನಡುವೆ ಆಡುವವನು. ಜೂನ್‌ನಲ್ಲಿ ಹೊಲಿಸಿದ ಪ್ಯಾಂಟು ದಸರಾ ರಜೆಯೊಳಗೆ ಗಿಡ್ಡವಾಗುವಷ್ಟು ಬೇಗ ಬೆಳೆದಿದ್ದ. ತಾಲ್ಲೂಕು ಫೈನಲ್‌ನಲ್ಲಿ ಅರ್ಧ ಆಟಕ್ಕೇ ಗ್ರೌಂಡಿನಲ್ಲಿ ಕೂತುಬಿಟ್ಟ. ನಾನು ಎಲ್ಲರೆದುರು "ನಾಟಕ ಮಾಡ್ಬೇಡ, ಏಳು" ಅಂದೆ. ಎದ್ದ, ಆಡಿದ, ಸೋತೆವು. ಮುಂದಿನ ವಾರ ಅವನ ಅಮ್ಮ ಸ್ಟಾಫ್ ರೂಮಿನ ಬಾಗಿಲಿಗೆ ಬಂದರು. "ಸಾರ್, ಎರಡು ತಿಂಗಳಿಂದ ರಾತ್ರಿ ಮಂಡಿ ಹಿಡ್ಕೊಂಡು ಅಳ್ತಾನೆ. ನಿಮ್ಗೆ ಮಾತ್ರ ಹೇಳ್ಬೇಡ ಅಂತಾನೆ."

ಮಡಿಕೇರಿಯಲ್ಲಿ ಡಾಕ್ಟರಿಗೆ ತೋರಿಸಿದರು. ಅದಕ್ಕೆ ಆಸ್ಗುಡ್ ಶ್ಲಾಟರ್ ಅಂತ ಹೆಸರಂತೆ. ಎತ್ತರ ಬೆಳೆಯುವ ವಯಸ್ಸಿನಲ್ಲಿ, ಓಡಿ ಆಡುವ ಮಕ್ಕಳಲ್ಲಿ ಇದು ಸಾಮಾನ್ಯ. ತೊಡೆಯ ದೊಡ್ಡ ಸ್ನಾಯು ಮಂಡಿಚಿಪ್ಪಿನ ಮೂಲಕ ಮಂಡಿಯ ಕೆಳಗಿನ ಮೂಳೆಯ ಮೇಲ್ತುದಿಗೆ ಅಂಟಿರುತ್ತದೆ. ಆ ಜಾಗ ಇನ್ನೂ ಎಳೆಯದು. ಓಡಿದಾಗ, ಹಾರಿದಾಗ, ಗಕ್ಕನೆ ನಿಂತಾಗ ಸ್ನಾಯು ಅದನ್ನು ಜಗ್ಗುತ್ತದೆ, ಅಲ್ಲಿ ಊದಿ ಗಂಟಿನ ಹಾಗೆ ಆಗುತ್ತದೆ. ಆಟ ಕಮ್ಮಿ ಮಾಡಬೇಕು, ತೊಡೆಯ ಸ್ನಾಯುಗಳನ್ನು ಸಡಿಲಿಸುವ ವ್ಯಾಯಾಮ ಮಾಡಬೇಕು. ಬೆಳವಣಿಗೆ ನಿಂತ ಮೇಲೆ ಹೆಚ್ಚಿನವರಿಗೆ ತಾನಾಗಿ ವಾಸಿಯಾಗುತ್ತದೆ. ನಾನು ಅವನಿಗೆ ಕೊಟ್ಟಿದ್ದು ಗ್ರೌಂಡಿನ ಸುತ್ತ ದಿನಾ ಹತ್ತು ರೌಂಡು ಮತ್ತು ಕಪ್ಪೆ ಜಿಗಿತ.

ಕಾಯಿಲೆಯ ಹೆಸರು ಗೊತ್ತಿರಲಿಲ್ಲ ಅನ್ನುವುದು ಆಮೇಲೆ ಅಷ್ಟು ಚುಚ್ಚಲಿಲ್ಲ. "ನಿಮ್ಗೆ ಮಾತ್ರ ಹೇಳ್ಬೇಡ" ಅನ್ನುವುದು ಚುಚ್ಚಿತು. ಯಾಕೆ ಹೇಳಲಿಲ್ಲ ಅಂತ ಯೋಚಿಸಿದರೆ ಕಾರಣ ನಾನೇ. ಕಾಲೇಜಿನಲ್ಲಿ ಬೆರಳು ಮುರಿದುಕೊಂಡೂ ಫೈನಲ್ ಆಡಿದ ನನ್ನ ಕತೆಯನ್ನು ಪ್ರತಿ ಹೊಸ ಬ್ಯಾಚಿಗೂ ಹೇಳುತ್ತಿದ್ದೆ. ನೋವು ಅಂದವನು ಹೇಡಿ ಅಂತ ಬಾಯಿಬಿಟ್ಟು ಹೇಳಿರಲಿಲ್ಲ. ಮಕ್ಕಳು ಹಾಗೇ ಅರ್ಥ ಮಾಡಿಕೊಂಡಿದ್ದರು.

ಹಾಗಾಗಿ ನನ್ನನ್ನು ಕೇಳಿದರೆ, ಹೈಸ್ಕೂಲ್ ಕೋಚ್‌ನನ್ನು ಅಳೆಯಲು ಇರುವುದು ಒಂದೇ ಅಳತೆ. ಮಕ್ಕಳು ಅವನಿಂದ ಏನೇನು ಮುಚ್ಚಿಡುತ್ತಾರೆ? ಕಮ್ಮಿ ಮುಚ್ಚಿಟ್ಟಷ್ಟೂ ಕೋಚ್ ಒಳ್ಳೆಯವನು.

ಮುಚ್ಚಿಡಲು ಅವರ ಹತ್ತಿರ ಬಹಳ ಇರುತ್ತದೆ. ಬೆಳಗ್ಗೆ ಏಳಕ್ಕೆ ಪ್ರಾಕ್ಟೀಸ್ ಇಟ್ಟರೆ ಲೈನ್ ಮನೆಯ (ತೋಟದ ಕೆಲಸಗಾರರ ಸಾಲು ಮನೆಯ) ಮಗು ಖಾಲಿ ಹೊಟ್ಟೆಯಲ್ಲೇ ಬಂದಿರುತ್ತದೆ. ಕಾಫಿ ಕುಯ್ಲಿನ ತಿಂಗಳುಗಳಲ್ಲಂತೂ ಅಪ್ಪ ಅಮ್ಮ ಇಬ್ಬರೂ ಬೇಗ ಕೆಲಸಕ್ಕೆ ಹೊರಡುತ್ತಾರೆ. ಕೇಳಿದರೆ "ತಿಂದಿದ್ದೀನಿ ಸಾರ್" ಅನ್ನುತ್ತದೆ. ಮುಟ್ಟಿನ ದಿನ ಹುಡುಗಿಯರು "ತಲೆನೋವು" ಅಂತ ಬರುವುದೇ ಇಲ್ಲ. ನಾನು ಗಂಡಸು, ನನ್ನ ಹತ್ತಿರ ಹೇಳು ಅಂದರೆ ಹೇಳುತ್ತಾರಾ? ಕನ್ನಡ ಟೀಚರ್‌ಗೆ ಕೈ ಮುಗಿದು ಕೇಳಿಕೊಂಡೆ. ಈಗ ಅವರು ವಾರಕ್ಕೆ ಎರಡು ದಿನ ಗ್ರೌಂಡಿಗೆ ಬರುತ್ತಾರೆ, ಬೇರೆ ಊರಿಗೆ ಮ್ಯಾಚಿಗೆ ಹೋದರೆ ಹುಡುಗಿಯರ ಜೊತೆ ಬಂದೇ ಬರುತ್ತಾರೆ. ಇದನ್ನು ನೀವು ಎರಡೂ ಶಾಲೆಯಲ್ಲಿ ನೇರವಾಗಿ ಕೇಳಿ: ಟೀಮಿನ ಜೊತೆ ಹೋಗುವ ಮೇಡಂ ಯಾರು? ಉತ್ತರ ತಡವರಿಸಿದರೆ ಅಲ್ಲಿ ಸೇರಿಸಬೇಡಿ. ಇದರಲ್ಲಿ ದಾಕ್ಷಿಣ್ಯ ಬೇಡ.

ಇನ್ನೊಂದು ನಮ್ಮ ಕಡೆಯದೇ ಸಮಸ್ಯೆ, ಆನೆ. ಮೈಸೂರಿನವರಿಗೆ ನಗು ಬರಬಹುದು. ಬಸ್ಸಿಳಿದು ಒಂದೂವರೆ ಕಿಲೋಮೀಟರ್ ತೋಟದೊಳಗೆ ನಡೆಯುವ ಹುಡುಗಿ ಆರು ಗಂಟೆಗೆ ಗ್ರೌಂಡಿನಿಂದ ಹೊರಟರೆ ಮನೆ ಸೇರುವಷ್ಟರಲ್ಲಿ ಕತ್ತಲು. ಆ ಭಯವನ್ನೂ ಅವಳು ಹೇಳುವುದಿಲ್ಲ, ಹೇಳಿದರೆ ಟೀಮಿನಿಂದ ತೆಗೆಯುತ್ತಾರೆ ಅಂತ. ನನ್ನ ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಒಂದು ಕಾಲಂ ಇದೆ, ಮನೆಗೆ ಹೋಗುವ ದಾರಿ ಮತ್ತು ಬಸ್ಸಿನ ಹೊತ್ತು. ದೂರದವರನ್ನು ಐದಕ್ಕೇ ಬಿಡುತ್ತೇನೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅವರಿಗೆ ಚೆಂಡನ್ನು ಗೋಡೆಗೆ ಪುಶ್ ಮಾಡಿ (ಸ್ಟಿಕ್ಕಿನಿಂದ ತಳ್ಳಿ), ವಾಪಸ್ ಬಂದದ್ದನ್ನು ಟ್ರ್ಯಾಪ್ ಮಾಡುವ, ಅಂದರೆ ನಿಲ್ಲಿಸುವ ಕೆಲಸ. ಅವರಲ್ಲಿ ಒಬ್ಬಳಿಗೆ ಇಡೀ ಟೀಮಿನಲ್ಲೇ ಒಳ್ಳೆಯ ಸ್ಟಾಪಿಂಗ್ ಇತ್ತು. ಗೋಡೆಯ ಪುಣ್ಯ.

ಈಗ ಆ ರಾಜ್ಯ ತಂಡದ ಕೋಚ್ ವಿಷಯ. ಆಡಿದವರು ಕಲಿಸಲಾರರು ಅಂತ ನಾನು ಹೇಳುತ್ತಿಲ್ಲ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನಲ್ಲಿ ಕೋಚಿಂಗ್ ಡಿಪ್ಲೊಮಾ ಮಾಡಿದವರು ಸಿಕ್ಕರೆ ಇನ್ನೂ ಒಳ್ಳೆಯದೇ. ಆದರೆ ತನಗೆ ಬರುವುದು ಬೇರೆ, ಬಾರದ ಮಗುವಿಗೆ ಬರಿಸುವುದು ಬೇರೆ. ಒಂದು ಮಾಮೂಲಿ ಬುಧವಾರ ಸಂಜೆ ಹೋಗಿ ಗ್ರೌಂಡಿನ ಮೂಲೆಯಲ್ಲಿ ನಿಲ್ಲಿ. ಮ್ಯಾಚ್ ದಿನ ಬೇಡ, ಮ್ಯಾಚ್ ದಿನ ಎಲ್ಲರೂ ಚೆನ್ನಾಗಿರುತ್ತಾರೆ. ಸಾಧಾರಣ ಆಟದ ಒಂದು ಮಗುವನ್ನು ಗುರುತು ಹಿಡಿದು ಐದು ನಿಮಿಷ ಅದನ್ನೇ ನೋಡಿ. ಎಷ್ಟು ಸಲ ಅದರ ಸ್ಟಿಕ್ಕಿಗೆ ಚೆಂಡು ಸಿಕ್ಕಿತು? ಇಪ್ಪತ್ತು ಮಕ್ಕಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಒಬ್ಬೊಬ್ಬರಾಗಿ ಡ್ರಿಬಲ್ ಮಾಡಿಸಿದರೆ ಉತ್ತರ ಒಂದು ಅಥವಾ ಎರಡು. ಕೋನುಗಳಿಟ್ಟು ಗ್ರೌಂಡನ್ನು ನಾಲ್ಕು ತುಂಡು ಮಾಡಿ, ಮೂರು ಮೂರು ಮಕ್ಕಳ ಸಣ್ಣ ಆಟ ಆಡಿಸಿದರೆ ಅದರ ಎಷ್ಟೋ ಪಟ್ಟು. ಚೆಂಡು ಕಮ್ಮಿ ಇದೆ ಅನ್ನುವುದು ನೆಪ. ನಾಲ್ಕು ಚೆಂಡಿದ್ದರೂ ಸಾಕು.

ನಮ್ಮ ಮಣ್ಣಿನ ಗ್ರೌಂಡಿನಲ್ಲಿ ಚೆಂಡು ಹೇಗೆ ಪುಟಿಯುತ್ತದೆ ಅಂತ ದೇವರಿಗೂ ಗೊತ್ತಿಲ್ಲ. ಮಳೆ ಬಿಟ್ಟ ಮೇಲಂತೂ ಹುಲ್ಲು, ಕೆಸರು, ಗುಂಡಿ. ಅಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಡ್ರ್ಯಾಗ್ ಫ್ಲಿಕ್ (ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದು ಗೋಲಿಗೆ ಚಿಮ್ಮಿಸುವ ಹೊಡೆತ) ತೋರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮೊದಲು ಚೆಂಡು ನಿಲ್ಲಿಸಲಿ, ಪುಶ್ ಮಾಡಲಿ, ತಲೆ ಎತ್ತಿ ನೋಡಲಿ.

ಕಪ್ಪುಗಳ ಬಗ್ಗೆ ಒಂದು ಮಾತು. ಇದು ಭಾರತಕ್ಕೆ ಹಾಕಿ ಆಡಿದ ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ ಅವರ ಜಿಲ್ಲೆ. ಸೋಮವಾರಪೇಟೆಯ ಎಸ್.ವಿ. ಸುನಿಲ್ ಎರಡು ಒಲಿಂಪಿಕ್ಸ್ ಆಡಿದವರು. 1997ರಲ್ಲಿ ಕರಡದಲ್ಲಿ 60 ತಂಡಗಳಿಂದ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಬಂದವು. ಹೀಗಿರುವಾಗ ಮುಂದಿನ ಸುನಿಲ್ ತನ್ನ ಶಾಲೆಯಿಂದಲೇ ಬರಲಿ ಅಂತ ಯಾವ ಕೋಚಿಗೆ ಆಸೆ ಇರುವುದಿಲ್ಲ? ನಿಜವಾದ ಪ್ರತಿಭೆ ಇರುವ ಮಗುವಿಗೆ ನಮ್ಮಂಥವರ ಗ್ರೌಂಡು ಸಾಲದು. ಪೊನ್ನಂಪೇಟೆ ಕ್ರೀಡಾ ಹಾಸ್ಟೆಲ್ಲೋ ಕೂಡಿಗೆ ಕ್ರೀಡಾ ಶಾಲೆಯೋ, ಸೆಲೆಕ್ಷನ್ ದಿನ ಅಲ್ಲಿಗೆ ಕರೆದುಕೊಂಡು ಹೋಗಬೇಕು. ಹೋದರೆ ನಮ್ಮ ಟೀಮಿನ ಬೆನ್ನುಮೂಳೆಯೇ ಹೋಗುತ್ತದೆ, ಮುಂದಿನ ವರ್ಷ ತಾಲ್ಲೂಕಿನಲ್ಲೇ ಔಟು. ನಾನು ಹಾಗೆ ಮೂವರನ್ನು ಕಳಿಸಿದ್ದೇನೆ. ಒಬ್ಬಳ ವಿಷಯದಲ್ಲಿ ಒಂದು ವರ್ಷ ಬಾಯಿ ಮುಚ್ಚಿಕೊಂಡು ಕೂತಿದ್ದೆ ಅಂತಲೂ ಒಪ್ಪಿಕೊಳ್ಳುತ್ತೇನೆ. ಹಾಗಾಗಿ ಕಪ್ಪುಗಳ ಬೀರು ತೋರಿಸಿದರೆ, "ಇಲ್ಲಿಂದ ಹಾಸ್ಟೆಲಿಗೆ ಎಷ್ಟು ಮಕ್ಕಳು ಹೋದರು ಸಾರ್?" ಅಂತ ಕೇಳಿ. ಮುಖ ನೋಡಿ.

ಬೈಯುವ ಕೋಚ್ ಬೇಡವೇ ಬೇಡ ಅಂತ ಕೆಲವರು ಹೇಳುತ್ತಾರೆ. ನಾನು ಬೈಯುತ್ತೇನೆ. ಲೇಟಾಗಿ ಬಂದರೆ, ಎದುರಾಳಿಯ ಕಾಲಿಗೆ ಸ್ಟಿಕ್ ಬೀಸಿದರೆ ಚೆನ್ನಾಗಿಯೇ ಬೈಯುತ್ತೇನೆ. ಗೋಲು ಮಿಸ್ ಮಾಡಿದ್ದಕ್ಕೆ ಬೈಯುವುದಿಲ್ಲ. ಕೈ ಮಾಡುವವರು ಕೋಚೇ ಅಲ್ಲ, ಆ ಮಾತು ಅಲ್ಲಿಗೇ ಮುಗಿಯಿತು.

ತಲೆಯ ವಿಷಯ ಮಾತ್ರ ಮರೆಯಬೇಡಿ. ಹಾಕಿ ಚೆಂಡು ಸುಮಾರು 160 ಗ್ರಾಂ, ಕಲ್ಲಿನಷ್ಟು ಗಟ್ಟಿ. ತಲೆಗೆ ಬಡಿದು ಮಗು ಮಂಕಾದರೆ, ತಲೆ ಸುತ್ತಿದರೆ, ವಾಂತಿ ಬಂದ ಹಾಗೆ ಆದರೆ ಆ ದಿನ ಮತ್ತೆ ಆಡಿಸುವಂತಿಲ್ಲ, ಡಾಕ್ಟರಿಗೆ ತೋರಿಸಬೇಕು. ಫೈನಲ್ ಆದರೂ ಅಷ್ಟೇ. "ನೀರು ಹಾಕ್ಕೊಂಡು ಬಾ" ಅನ್ನುವ ಕೋಚ್ ಕಂಡರೆ ಮಗಳನ್ನು ಅವತ್ತೇ ಮನೆಗೆ ಕರೆದುಕೊಂಡು ಹೋಗಿ.

ಇನ್ನು ಅಪ್ಪಂದಿರು. ಹೇಳಿದರೆ ಬೇಜಾರು, ಆದರೂ ಹೇಳುತ್ತೇನೆ. ಇಲ್ಲಿ ಮನೆಗೊಬ್ಬ ಕೋಚ್. ಮ್ಯಾಚ್ ದಿನ ಗೆರೆಯ ಆಚೆ ನಿಂತು "ಹಿಟ್ ಮಾಡು, ಹಿಟ್ ಮಾಡು" ಅಂತ ಕೂಗುವವರು ಕಮ್ಮಿ ಇಲ್ಲ. ಮಗು ನನ್ನ ಮುಖ ನೋಡಬೇಕೋ ಅಪ್ಪನ ಮುಖ ನೋಡಬೇಕೋ ತಿಳಿಯದೆ ಚೆಂಡು ಬಿಡುತ್ತದೆ. ನೀವು ಕೂಗಬೇಡಿ ಸ್ವಾಮಿ. ಕಿತ್ತಳೆ ಹಣ್ಣು ತಂದರೆ ಸಾಕು, ಎಲ್ಲರಿಗೂ ಆಗುವಷ್ಟು.

ಎರಡು ಶಾಲೆಗಳಲ್ಲಿ ಯಾವುದು ಅಂತ ಇಲ್ಲಿ ಕೂತು ನಾನು ಹೇಳಲಾರೆ. ಎರಡಕ್ಕೂ ಒಂದೊಂದು ಸಂಜೆ ಹೋಗಿ, ಮಗಳನ್ನೂ ಕರೆದುಕೊಂಡು ಹೋಗಿ. ಪ್ರಾಕ್ಟೀಸ್ ಮುಗಿದ ಮೇಲೆ ಮಕ್ಕಳು ಬ್ಯಾಗು ಎತ್ತಿಕೊಂಡು ಸೀದಾ ಬಸ್ಸಿಗೆ ಓಡುತ್ತಾರಾ, ಇಲ್ಲ ಒಬ್ಬಿಬ್ಬರಾದರೂ ಕೋಚ್ ಸುತ್ತ ನಿಂತು ಏನೋ ಹರಟುತ್ತಾರಾ ಅಂತ ನೋಡಿ. ಸೇರಿಸಿದ ಮೇಲೆ ದುಬಾರಿ ಸ್ಟಿಕ್ ಈಗಲೇ ಬೇಡ, ಸೊಂಟದ ಮೂಳೆಯ ಮಟ್ಟಕ್ಕೆ ಬರುವ ಸಾಧಾರಣದ್ದು ಸಾಕು. ಅದಕ್ಕಿಂತ ಮೊದಲು ಶಿನ್ ಗಾರ್ಡ್ ಮತ್ತು ಮೌತ್ ಗಾರ್ಡ್ ತೆಗೆದುಕೊಡಿ. ಜೂನ್‌ನಲ್ಲಿ ಸೇರಿಸುವುದಾದರೆ ಎರಡು ಜೊತೆ ಶೂ ಬೇಕು, ನಮ್ಮೂರಿನ ಮಳೆಯಲ್ಲಿ ಒಂದು ಜೊತೆ ಒಣಗುವುದೇ ಇಲ್ಲ.