ಮೈಕ್ರೋವೇವ್ ಬಿಸಿ ಮಾಡುತ್ತಿಲ್ಲ, ಪ್ಲಗ್ ಕಿತ್ತು ನಾನೇ ಬಿಚ್ಚಿ ನೋಡಬಹುದಾ?

ಗೋರೆಗಾಂವ್‌ನಲ್ಲಿ ಬಾಡಿಗೆ ಮನೆ. ಮೈಕ್ರೋವೇವ್ ಒಳಗೆ ಲೈಟ್ ಬರುತ್ತದೆ, ತಟ್ಟೆ ತಿರುಗುತ್ತದೆ, ಆದರೆ ಅನ್ನ ಮಾತ್ರ ತಣ್ಣಗೇ ಇರುತ್ತದೆ ಅಂತ ಬರೆದಿದ್ದೀರಿ. ರಿಪೇರಿಗೆ 3,200 ರೂಪಾಯಿ ಕೇಳಿದ್ದಾರೆ. ವಿಡಿಯೋ ಒಂದರಲ್ಲಿ ಯಾರೋ 150 ರೂಪಾಯಿಯ ಪಾರ್ಟ್ ಹಾಕಿ ಹತ್ತು ನಿಮಿಷದಲ್ಲಿ ಸರಿ ಮಾಡಿದ್ದಾರೆ. ಮಿಕ್ಸಿ, ಇಸ್ತ್ರಿಪೆಟ್ಟಿಗೆ ನೀವೇ ರಿಪೇರಿ ಮಾಡಿಕೊಂಡ ಅನುಭವ ಇದೆ. ಪ್ಲಗ್ ಕಿತ್ತ ಮೇಲೆ ಏನು ಅಪಾಯ ಅನ್ನೋದು ನಿಮ್ಮ ಪ್ರಶ್ನೆ.

ದಯವಿಟ್ಟು ಬಿಚ್ಚಬೇಡಿ. ಮುಂಬೈಯಲ್ಲಿ ಇಪ್ಪತ್ತಾರು ವರ್ಷದಿಂದ ಇದೇ ರಿಪೇರಿ ಕೆಲಸ ಮಾಡಿಕೊಂಡು ಬಂದವನು ನಾನು. ಗಿರಾಕಿ ಕೈ ತಪ್ಪುತ್ತಾನೆ ಅಂತ ಹೇಳುತ್ತಿಲ್ಲ. ಯಾಕೆ ಬೇಡ ಅಂತ ಪೂರ್ತಿ ಹೇಳುತ್ತೇನೆ, ಓದಿ.

ನೀವು ಬರೆದದ್ದರಲ್ಲೇ ಒಂದು ಸುಳಿವು ಇದೆ. ಲೈಟ್ ಬರುತ್ತದೆ, ತಟ್ಟೆ ತಿರುಗುತ್ತದೆ ಅಂದರೆ 230 ವೋಲ್ಟ್‌ನ ಭಾಗ ಹೆಚ್ಚುಕಡಿಮೆ ಸರಿ ಇದೆ. ಮೇನ್ ಫ್ಯೂಸ್ ಹೋಗಿಲ್ಲ. ಹಾಗಾದರೆ ತೊಂದರೆ ಬಹುಮಟ್ಟಿಗೆ ಅದರಾಚೆಯ ಹೈ ವೋಲ್ಟೇಜ್ ಭಾಗದಲ್ಲಿರುತ್ತದೆ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಇರಬಹುದು, ಕರೆಂಟ್ ತುಂಬಿಟ್ಟುಕೊಳ್ಳುವ ಕ್ಯಾಪಾಸಿಟರ್ ಇರಬಹುದು, ಬಿಸಿ ಮಾಡುವ ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನ್ ಇರಬಹುದು. ಇಡೀ ಅಡುಗೆಮನೆಯಲ್ಲಿ ಅದಕ್ಕಿಂತ ಅಪಾಯದ ಜಾಗ ಇಲ್ಲ. ಮಿಕ್ಸಿಯ ಅನುಭವ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಒಳಗೆ ಒಂದು ಭಾರವಾದ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದು 230 ವೋಲ್ಟನ್ನು ಸುಮಾರು 2,000 ವೋಲ್ಟಿಗೆ ಏರಿಸುತ್ತದೆ. ಕ್ಯಾಪಾಸಿಟರ್ ಮತ್ತು ಡಯೋಡ್ ಸೇರಿ ಅದನ್ನು ಇನ್ನೂ ಮೇಲಕ್ಕೆ, 4,000 ವೋಲ್ಟ್ ಆಸುಪಾಸಿಗೆ ಒಯ್ಯುತ್ತವೆ. ಪ್ಲಗ್ ಕಿತ್ತರೆ ಟ್ರಾನ್ಸ್‌ಫಾರ್ಮರ್ ಸತ್ತುಹೋಗುತ್ತದೆ, ನಿಜ. ಆದರೆ ಕ್ಯಾಪಾಸಿಟರ್ ತನ್ನೊಳಗೆ ತುಂಬಿಕೊಂಡದ್ದನ್ನು ಹಿಡಿದುಕೊಂಡೇ ಇರಬಹುದು. ಅದನ್ನು ನಿಧಾನಕ್ಕೆ ಖಾಲಿ ಮಾಡಲಿ ಅಂತ ಕ್ಯಾಪಾಸಿಟರ್ ಒಳಗೇ ಒಂದು ರೆಸಿಸ್ಟರ್ ಇಟ್ಟಿರುತ್ತಾರೆ. ಆ ರೆಸಿಸ್ಟರ್ ಕೆಟ್ಟಿದ್ದರೆ? ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಡಬ್ಬಿ ಹೊಸದರ ಹಾಗೇ ಫಳಫಳ ಹೊಳೆಯುತ್ತಿರುತ್ತದೆ.

ಫ್ಯಾನ್ ಕ್ಯಾಪಾಸಿಟರ್ ಬದಲಾಯಿಸಿದವರು ಇಲ್ಲೇ ಮೋಸ ಹೋಗುತ್ತಾರೆ. ಫ್ಯಾನಿನದ್ದರ ಮೇಲೆ 2.5 ಮೈಕ್ರೋಫ್ಯಾರಡ್ ಅಂತ ಬರೆದಿರುತ್ತದೆ, ಇದರ ಮೇಲೆ ಸುಮಾರು 1 ಮಾತ್ರ. ಅಂಕಿ ಚಿಕ್ಕದು, ಹಾಗಾಗಿ ಇದು ಇನ್ನೂ ಸಾಧು ಅಂದುಕೊಳ್ಳುತ್ತಾರೆ. ಆದರೆ ವೋಲ್ಟೇಜ್ ಎರಡು ಪಟ್ಟಾದರೆ ಒಳಗೆ ಕೂತ ಶಕ್ತಿ ನಾಲ್ಕು ಪಟ್ಟಾಗುತ್ತದೆ, ಇಲ್ಲಿನ ವೋಲ್ಟೇಜ್ ಫ್ಯಾನಿನದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ವಿಡಿಯೋದಲ್ಲಿ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟಾರ್ ಅನ್ನಿಸಿ ಡಿಸ್ಚಾರ್ಜ್ ಮಾಡುತ್ತಾರಲ್ಲ, ಅದನ್ನು ನೋಡಿದಾಗ ನನಗೆ ಹೊಟ್ಟೆ ತೊಳಸುತ್ತದೆ. ಕೈ ಒಂದಿಷ್ಟು ಜಾರಿದರೂ ಆ ಕರೆಂಟ್ ನಿಮ್ಮ ಎದೆಯ ಮೂಲಕ ಹೋಗಬಹುದು.

ಮನೆಯ ಮೇನ್ ಬೋರ್ಡ್‌ನಲ್ಲಿ ಶಾಕ್‌ನಿಂದ ಕಾಪಾಡುವ ಸ್ವಿಚ್, ಆರ್‌ಸಿಸಿಬಿ ಇದೆಯಲ್ಲ ಅಂತ ನೀವು ಕೇಳಬಹುದು. ಆರ್‌ಸಿಸಿಬಿ ಮಾಡುವ ಕೆಲಸ ಒಂದೇ. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಅಳೆಯುತ್ತದೆ. 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ ಕಣ್ಣು ಮಿಟುಕಿಸುವುದರೊಳಗೆ ಕಟ್ ಮಾಡುತ್ತದೆ. ಆದರೆ ಮೈಕ್ರೋವೇವ್ ಓಡುತ್ತಿರುವಾಗ ಹೈ ವೋಲ್ಟೇಜ್ ಕಡೆ ಕೈ ತಗುಲಿದರೆ ಆ ಕರೆಂಟ್ ನಿಮ್ಮ ಮೈಯಿಂದ ಅದರದ್ದೇ ಲೋಹದ ಬಾಡಿಗೆ, ಅಲ್ಲಿಂದ ಅದೇ ಟ್ರಾನ್ಸ್‌ಫಾರ್ಮರಿಗೆ ಸುತ್ತು ಹಾಕುತ್ತದೆ. ಮನೆಯ ವೈರಿಂಗ್ ಕಡೆ ಬರುವುದೇ ಇಲ್ಲ. ಹಾಗಾಗಿ ಆರ್‌ಸಿಸಿಬಿಗೆ ಅದು ಕಾಣುವುದಿಲ್ಲ.

ಇನ್ನೊಂದು ವಿಷಯ ಬಾಗಿಲಿನ ಸ್ವಿಚ್‌ಗಳದ್ದು. ಹೆಚ್ಚಿನ ಮೈಕ್ರೋವೇವ್‌ಗಳಲ್ಲಿ ಮೂರು ಚಿಕ್ಕ ಸ್ವಿಚ್ ಇರುತ್ತವೆ. ಬಾಗಿಲು ತೆಗೆದಾಗ ಓವನ್ ನಿಲ್ಲಿಸುವುದು ಅವುಗಳ ಕೆಲಸ. ಅದರಲ್ಲಿ ಒಂದು ಕಾವಲುಗಾರ. ಉಳಿದವು ಅಂಟಿಕೊಂಡು ಬಾಗಿಲು ತೆಗೆದರೂ ಓವನ್ ಓಡುವ ಹಾಗಾದರೆ, ಅದು ಬೇಕಂತಲೇ ಶಾರ್ಟ್ ಮಾಡಿ ಫ್ಯೂಸ್ ಸುಡುತ್ತದೆ. ಅಂದರೆ ಫ್ಯೂಸ್ ಹೋಗಿದ್ದು ಕೆಲವು ಸಲ ರೋಗ ಅಲ್ಲ, ಎಚ್ಚರಿಕೆ. ಅದು ತಿಳಿಯದೆ ಸ್ವಿಚ್‌ನ ಎರಡು ವೈರ್ ಜೋಡಿಸಿ, ದೊಡ್ಡ ಫ್ಯೂಸ್ ಹಾಕಿ ಓಡಿಸಿದ ಓವನ್‌ಗಳು ನನ್ನ ಟೇಬಲ್ಲಿಗೆ ಬಂದಿವೆ. ಮಕ್ಕಳು ಬಾಗಿಲು ತೆಗೆದು ಕೈ ಹಾಕುವ ಎತ್ತರದಲ್ಲಿ ಇಟ್ಟಿದ್ದ ಓವನ್‌ಗಳು.

ನನ್ನದು ಕುಂದಾಪುರದ ಕಡೆ. ಹುಡುಗನಾಗಿದ್ದಾಗ ಬಂದು ಹಗಲು ಫೋರ್ಟ್‌ನ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಕಲಿತೆ. ಆಮೇಲೆ ಲ್ಯಾಮಿಂಗ್ಟನ್ ರೋಡ್‌ನ ಒಂದು ಟಿವಿ ರಿಪೇರಿ ಅಂಗಡಿಗೆ ಸೇರಿದೆ. ಅದು ಡಬ್ಬ ಟಿವಿಗಳ ಕಾಲ. ಪಿಕ್ಚರ್ ಟ್ಯೂಬ್‌ಗೆ ಇಪ್ಪತ್ತು ಸಾವಿರ ವೋಲ್ಟ್‌ಗಿಂತ ಮೇಲೆ ಹೋಗುತ್ತಿತ್ತು. ಉಸ್ತಾದ್ ಮೊದಲ ಆರು ತಿಂಗಳು ನನಗೆ ಟಿವಿ ಬಿಚ್ಚಲು ಬಿಡಲೇ ಇಲ್ಲ. ಪಕ್ಕದಲ್ಲಿ ನಿಲ್ಲು, ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡು ನಿಲ್ಲು ಅನ್ನುತ್ತಿದ್ದರು. ಎರಡು ಕೈಯೂ ಒಳಗಿದ್ದರೆ ಕರೆಂಟ್ ಒಂದು ಕೈಯಿಂದ ಇನ್ನೊಂದು ಕೈಗೆ ಹೃದಯ ದಾಟಿಕೊಂಡು ಹೋಗುತ್ತದೆ. ಇಂದಿಗೂ ಯಾವುದೇ ಮಷೀನ್ ಮುಂದೆ ನಿಂತರೆ ನನ್ನ ಎಡಗೈ ತಾನಾಗಿ ಹಿಂದಕ್ಕೆ ಹೋಗುತ್ತದೆ.

ಈಗ ನಮ್ಮ ಮನೆಯಲ್ಲೇ ಆದದ್ದನ್ನು ಹೇಳುತ್ತೇನೆ.

ನನ್ನ ತಮ್ಮನ ಮನೆ ಭಾಂಡುಪ್‌ನಲ್ಲಿ. ಅಮ್ಮ ಅವನ ಜೊತೆ ಇರುತ್ತಾರೆ. ಒಂದು ಜುಲೈಯಲ್ಲಿ, ಮಳೆ ಹೊಯ್ದೂ ಹೊಯ್ದೂ ಗೋಡೆಯೆಲ್ಲ ಒದ್ದೆಯಾಗಿದ್ದ ದಿನಗಳಲ್ಲಿ, ವಾಷಿಂಗ್ ಮಷೀನ್ ಹಾಕಿದರೆ ಸಾಕು, ಆರ್‌ಸಿಸಿಬಿ ಟ್ರಿಪ್ ಆಗಿ ಮನೆಯೆಲ್ಲ ಕತ್ತಲಾಗುತ್ತಿತ್ತು. ತಮ್ಮ ನನ್ನ ಕೆಲಸ ನೋಡುತ್ತಲೇ ಬೆಳೆದವನು. ಮುಲುಂಡ್‌ನಿಂದ ಅಣ್ಣನನ್ನು ಇದಕ್ಕೆಲ್ಲ ಯಾಕೆ ಕರೆಸಬೇಕು ಅಂದುಕೊಂಡ. ಪ್ಲಗ್ ಬಿಚ್ಚಿದ. ಹಸಿರು ವೈರ್, ಅಂದರೆ ಅರ್ಥ್ ವೈರ್ ತೆಗೆದು ನೋಡಿದ. ಟ್ರಿಪ್ ಆಗುವುದು ನಿಂತಿತು. ವೈರಿಗೆ ಟೇಪ್ ಸುತ್ತಿ ಹಾಗೇ ಬಿಟ್ಟ.

ಆದರೂ ಎರಡು ಮೂರು ದಿನಕ್ಕೊಮ್ಮೆ ಟ್ರಿಪ್ ಆಗುತ್ತಿತ್ತು. ಮಷೀನ್ ಸುಮ್ನೆ ಓಡುವಾಗ ಅಲ್ಲ, ಅಮ್ಮ ಹತ್ತಿರ ಹೋಗಿ ಬಟ್ಟೆ ಮುಟ್ಟಿದಾಗ. "ಕೈ ಜುಂ ಅಂತು" ಅಂತ ಅಮ್ಮ ಒಂದು ಸಲ ಹೇಳಿದ್ದರಂತೆ. ಮಳೆಗಾಲದಲ್ಲಿ ಹೀಗೇ ಅಂತ ಎಲ್ಲರೂ ಬಿಟ್ಟರು.

ಇದನ್ನು ಬರೆಯುವಾಗ ಈಗಲೂ ನನ್ನ ಕೈ ನಡುಗುತ್ತದೆ. ಆ ಒಂದೊಂದು ಟ್ರಿಪ್ ಕೂಡ ಆರ್‌ಸಿಸಿಬಿ ಅಮ್ಮನ ಜೀವ ಉಳಿಸಿದ್ದು. ಮಷೀನಿನ ಟಬ್ ಸೀಲ್ ಹರಿದು, ಸೋರಿದ ನೀರು ಮೋಟಾರ್ ವೈರಿನ ಜಾಯಿಂಟ್ ಮೇಲೆ ಬೀಳುತ್ತಿತ್ತು. ಮಷೀನಿನ ಲೋಹದ ಮೈಗೆ ಕರೆಂಟ್ ಬರುತ್ತಿತ್ತು. ಅರ್ಥ್ ವೈರ್ ಇದ್ದಾಗ ಅದು ನೆಲಕ್ಕೆ ಹರಿದು ತಕ್ಷಣ ಟ್ರಿಪ್ ಆಗುತ್ತಿತ್ತು. ಅರ್ಥ್ ತೆಗೆದ ಮೇಲೆ ಅದಕ್ಕೆ ಹೋಗಲು ದಾರಿ ಇರಲಿಲ್ಲ. ಅಮ್ಮ ಮುಟ್ಟಿದಾಗ ಅಮ್ಮನೇ ದಾರಿ.

ಆರ್‌ಸಿಸಿಬಿಯೇ ಕೆಟ್ಟಿದೆ ಅಂತ ತಮ್ಮ ತೀರ್ಮಾನಿಸಿದ. ಅದನ್ನು ಬಿಟ್ಟು ವೈರುಗಳನ್ನು ನೇರವಾಗಿ ಎಂಸಿಬಿಗೆ, ಅಂದರೆ ಕರೆಂಟ್ ಮಿತಿ ಮೀರಿದರೆ ಬೀಳುವ ಸ್ವಿಚ್‌ಗೆ ಜೋಡಿಸಿದ. ಮಷೀನ್ ಚೆನ್ನಾಗಿ ಓಡಿತು. ಹನ್ನೊಂದು ದಿನ ಓಡಿತು. ಹನ್ನೆರಡನೆಯ ದಿನ ಅಮ್ಮ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮಷೀನ್ ಅಂಚು ಹಿಡಿದರು. ಹಿಡಿದ ಕೈ ಬಿಡಲಾಗಲಿಲ್ಲ.

ತಮ್ಮನ ಹೆಂಡತಿ ಅಮ್ಮನ ಕಡೆ ಓಡಿದವಳು ಅರ್ಧದಲ್ಲೇ ನಿಂತು, ತಿರುಗಿ ಮೇನ್ ಸ್ವಿಚ್ ಕೆಳಗೆ ಮಾಡಿದಳು. ಅವಳ ಅಪ್ಪ ಊರಲ್ಲಿ ಲೈನ್‌ಮ್ಯಾನ್ ಆಗಿದ್ದವರು. ಹಿಡಿದುಕೊಂಡವರನ್ನು ಮುಟ್ಟಬೇಡ, ಮೊದಲು ಮೇನ್ ಆಫ್ ಮಾಡು ಅಂತ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದರಂತೆ. ಅವಳು ಅಮ್ಮನನ್ನು ಎಳೆಯಲು ಹೋಗಿದ್ದರೆ ಇಬ್ಬರೂ ಇರುತ್ತಿರಲಿಲ್ಲ. ಅಂಗೈಯಲ್ಲಿ ಸುಟ್ಟ ಗಾಯ. ಹೃದಯದ ಬಡಿತ ನೋಡಲು ಒಂದು ರಾತ್ರಿ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಅಮ್ಮ ಉಳಿದರು. "ಕೈ ಬಿಡ್ಸುಕೇ ಆಯ್ಲಿಲ್ಲ ಮಗಾ" ಅಂತ ನನಗೆ ಮೂರು ನಾಲ್ಕು ಸಲ ಹೇಳಿದರು.

ಎಂಸಿಬಿ ಯಾಕೆ ಬೀಳಲಿಲ್ಲ ಅಂತ ತಮ್ಮ ಆಸ್ಪತ್ರೆಯಲ್ಲೇ ಕೇಳಿದ. ಒದ್ದೆ ಮೈಯ ಪ್ರತಿರೋಧ ಸುಮಾರು 1,000 ಓಮ್ ಅಂತ ಇಟ್ಟುಕೊಳ್ಳಿ. 230 ವೋಲ್ಟ್‌ನಲ್ಲಿ ಆಗ ಹರಿಯುವುದು 0.23 ಆಂಪಿಯರ್, ಅಂದರೆ 230 ಮಿಲಿಆಂಪಿಯರ್. ಎಂಸಿಬಿ 16 ಆಂಪಿಯರ್‌ನದ್ದು. ಅದರ ಲೆಕ್ಕದಲ್ಲಿ ಇದು ಒಂದು ಹಳೇ ಕಾಲದ ಬಲ್ಬ್ ಅಷ್ಟೇ. ಮನುಷ್ಯನ ಹೃದಯದ ಲಯ ತಪ್ಪಿಸಲು ಅದರ ಅರ್ಧವೂ ಬೇಡ, 10 ಮಿಲಿಆಂಪಿಯರ್ ದಾಟಿದರೇ ಹಿಡಿದ ಕೈ ಬಿಡಿಸಿಕೊಳ್ಳುವುದು ಕಷ್ಟ. ಎಂಸಿಬಿ ಇರುವುದು ವೈರ್ ಸುಡದಿರಲಿ ಅಂತ. ನಿಮ್ಮನ್ನು ಉಳಿಸಲು ಅಲ್ಲ.

ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದ್ದು ಇದೇ. ರಿಪೇರಿ ಮಾಡುವಾಗ ಶಾಕ್ ಹೊಡೆಯುತ್ತೆ ಅಂತ ಎಲ್ಲರೂ ಹೆದರುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಭಯ ರಿಪೇರಿ "ಆದ" ಮೇಲಿನದು. ಮಷೀನ್ ಓಡಿತು ಅಂದ ತಕ್ಷಣ ಸರಿಯಾಯಿತು ಅನ್ನಿಸಿಬಿಡುತ್ತದೆ. ಎಷ್ಟೋ ಸಲ ಅದು ಓಡುವುದು ಒಳಗಿನ ಕಾವಲನ್ನು ಯಾರೋ ತೆಗೆದುಹಾಕಿದ್ದರಿಂದ. ತೆಗೆದವನು ಬೆಳಗ್ಗೆ 8.12ರ ಲೋಕಲ್ ಹಿಡಿದು ಆಫೀಸಿಗೆ ಹೋಗಿರುತ್ತಾನೆ. ಮಷೀನ್ ಮುಟ್ಟುವವರು ಮನೆಯಲ್ಲಿರುವವರು. ಅಮ್ಮ, ಹೆಂಡತಿ, ಮಕ್ಕಳು, ಮನೆಗೆಲಸಕ್ಕೆ ಬರುವ ಹೆಂಗಸು.

ಗೀಸರ್‌ನ ಥರ್ಮೋಸ್ಟಾಟ್ ಕೆಟ್ಟಾಗ ಅದನ್ನು ಬಿಟ್ಟು ನೇರ ವೈರ್ ಕೊಡುವುದೂ ಇದೇ ಜಾತಿ. ನೀರು ಕಾದೇ ಕಾಯುತ್ತದೆ, ಒಳಗೆ ಒತ್ತಡ ಏರುತ್ತದೆ, ಸೇಫ್ಟಿ ವಾಲ್ವ್ ಕಟ್ಟಿಕೊಂಡಿದ್ದರೆ ಟ್ಯಾಂಕ್ ಸಿಡಿಯಬಹುದು. ಹಳೇ ಬಿಲ್ಡಿಂಗ್‌ಗಳ ಕಿಟ್‌ಕ್ಯಾಟ್ ಫ್ಯೂಸಿಗೆ ದಪ್ಪ ತಾಮ್ರದ ತಂತಿ ಸುತ್ತುವುದೂ ಅದೇ. ಫ್ಯೂಸ್ ಹೋಗುವುದಿಲ್ಲ, ಗೋಡೆಯೊಳಗಿನ ವೈರ್ ಕರಗುತ್ತದೆ. 16 ಆಂಪಿಯರ್ ಪ್ಲಗ್‌ಗೆ ಕನ್ವರ್ಟರ್ ಹಾಕಿ ಗೀಸರನ್ನು ಚಿಕ್ಕ 6 ಆಂಪಿಯರ್ ಸಾಕೆಟ್‌ಗೆ ಚುಚ್ಚುವುದು ಬಾಡಿಗೆ ಮನೆಗಳಲ್ಲಿ ನಾನು ವಾರಕ್ಕೊಮ್ಮೆ ನೋಡುವ ಕಥೆ. 2,000 ವ್ಯಾಟ್‌ನ ಗೀಸರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಸಾಕೆಟ್ ಕಂದು ಬಣ್ಣಕ್ಕೆ ತಿರುಗಿದ್ದರೆ ನಿಮಗೆ ಇರುವ ಸಮಯ ಕಡಿಮೆ.

ಟೆಸ್ಟರ್ ಉರಿಯಲಿಲ್ಲ, ಹಾಗಾಗಿ ಕರೆಂಟ್ ಇಲ್ಲ ಅಂತ ನಂಬಬೇಡಿ. ಟೆಸ್ಟರ್ ಒಳಗಿನ ಬಲ್ಬೇ ಹೋಗಿರಬಹುದು. ಸ್ವಿಚ್ ಆಫ್ ಮಾಡಿದರೂ ಸಾಲದು. ಎಷ್ಟೋ ಮನೆಗಳಲ್ಲಿ ವೈರ್ ಅದಲುಬದಲಾಗಿ ಸ್ವಿಚ್ ನ್ಯೂಟ್ರಲ್ ಮೇಲೆ ಕೂತಿರುತ್ತದೆ, ಆಫ್ ಮಾಡಿದರೂ ಒಳಗೆ ಕರೆಂಟ್ ಇದ್ದೇ ಇರುತ್ತದೆ. ಮಿಕ್ಸಿಯಾದರೂ ಸರಿ, ಪ್ಲಗ್ ಪೂರ್ತಿ ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳಿ. ಇನ್ನು ಬಲ್ಬ್, ಫ್ಯೂಸ್, ಸ್ವಿಚ್ ಬದಲಾಯಿಸುವುದು ಬೇರೆ, ಮನೆಯ ವೈರಿಂಗ್ ಮತ್ತು ಬೋರ್ಡ್ ಕೆಲಸ ಬೇರೆ. ಅದು ಲೈಸೆನ್ಸ್ ಇರುವವರ ಕೈಯಲ್ಲೇ ಆಗಬೇಕು ಅಂತ ನಿಯಮವೇ ಇದೆ.

ನಿಮ್ಮ ಓವನ್ ವಿಷಯಕ್ಕೆ ಬರುತ್ತೇನೆ. ಮುಚ್ಚಳ ಬಿಚ್ಚದೆ ಒಂದು ಪರೀಕ್ಷೆ ಮಾಡಿ. ಗ್ರಿಲ್ ಅಥವಾ ಡಿಫ್ರಾಸ್ಟ್‌ನಲ್ಲಿ ಇಲ್ಲ ತಾನೇ ಅಂತ ನೋಡಿ, ಪವರ್ ಪೂರ್ತಿ ಹೆಚ್ಚಿಸಿ. ಒಂದು ಗಾಜಿನ ಲೋಟದಲ್ಲಿ ಅರ್ಧ ನೀರಿಟ್ಟು ಒಂದು ನಿಮಿಷ ಓಡಿಸಿ. ನೀರು ಬೆಚ್ಚಗೂ ಆಗದಿದ್ದರೆ ಅಲ್ಲಿಗೆ ನಿಲ್ಲಿಸಿ. ಮೊದಲಿಗಿಂತ ಜೋರಾಗಿ ಗುಂಯ್ ಅನ್ನುತ್ತಿದ್ದರೆ ಅಥವಾ ಸುಟ್ಟ ವಾಸನೆ ಬಂದರೆ ಒಂದು ನಿಮಿಷವೂ ಕಾಯಬೇಡಿ, ಪ್ಲಗ್ ಕಿತ್ತುಬಿಡಿ.

3,200 ರೂಪಾಯಿ ಚಿಕ್ಕ ಮೊತ್ತ ಅಲ್ಲ, ಬಾಡಿಗೆ ಕಟ್ಟಿಕೊಂಡು ಇರುವವರ ಕಷ್ಟ ನನಗೆ ಗೊತ್ತು. ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ತೋರಿಸಿ. ಯಾವ ಪಾರ್ಟ್ ಹೋಗಿದೆ ಅಂತ ಮೊದಲು ಬರೆಸಿಕೊಳ್ಳಿ. ಡಯೋಡ್ ಮಾತ್ರ ಹೋಗಿದ್ದರೆ ಖರ್ಚು ತುಂಬಾ ಕಡಿಮೆ. ಮ್ಯಾಗ್ನೆಟ್ರಾನ್ ಹೋಗಿದ್ದರೆ, ಓವನ್ ಹಳೆಯದಾಗಿದ್ದರೆ, ದುಡ್ಡು ಹಾಕಬೇಡಿ ಅಂತಲೇ ನಾನು ನನ್ನ ಗಿರಾಕಿಗಳಿಗೆ ಹೇಳುತ್ತೇನೆ. ತೆಗೆದ ಹಳೇ ಪಾರ್ಟ್ ವಾಪಸ್ ಕೇಳಿ. ರಿಪೇರಿ ಆದ ಮೇಲೆ ಅವರ ಎದುರಿಗೇ ಓಡುವ ಓವನ್‌ನ ಬಾಗಿಲು ತೆಗೆಯಿರಿ, ತಕ್ಷಣ ನಿಲ್ಲಬೇಕು. ಅರ್ಥ್ ಪಿನ್ನಿಗೂ ಬಾಡಿಗೂ ಸಂಪರ್ಕ ಇದೆಯಾ ಅಂತ ಮೀಟರ್ ಹಿಡಿದು ತೋರಿಸಲು ಹೇಳಿ. ಒಳ್ಳೆ ಕೆಲಸಗಾರ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಈ ಉತ್ತರ ಓದಿ ಮುಗಿಸಿದ ಮೇಲೆ ನಿಮ್ಮ ಮೇನ್ ಬೋರ್ಡ್ ಹತ್ತಿರ ಹೋಗಿ. ಆರ್‌ಸಿಸಿಬಿ ಮೇಲೆ ಟೆಸ್ಟ್ ಅಂತ ಒಂದು ಚಿಕ್ಕ ಬಟನ್ ಇರುತ್ತದೆ. ಕಂಪ್ಯೂಟರ್ ಆಫ್ ಮಾಡಿಕೊಂಡು ಅದನ್ನು ಒತ್ತಿ. ಟಕ್ ಅಂತ ಬೀಳಬೇಕು. ಬೀಳದಿದ್ದರೆ, ಅಥವಾ ಬೋರ್ಡ್‌ನಲ್ಲಿ ಆರ್‌ಸಿಸಿಬಿಯೇ ಇಲ್ಲದಿದ್ದರೆ, ಓವನ್ ಹಾಗೇ ಇರಲಿ, ಇವತ್ತೇ ಮನೆ ಓನರ್‌ಗೆ ಫೋನ್ ಮಾಡಿ.