ಬಿಂಗ್‌ಫೆನ್ ಸಸ್ಯಾಹಾರವೇ?

ಪ್ರಶ್ನೆ: ಮಗ ಚೀನಾದ ಚೆಂಗ್ಡುವಿನಲ್ಲಿ ಓದುತ್ತಿದ್ದಾನೆ. ಬೇಸಿಗೆಯಲ್ಲಿ ಬಿಂಗ್‌ಫೆನ್ ಎಂಬ ತಣ್ಣನೆ ಜೆಲ್ಲಿ ತಿನ್ನುತ್ತಾನಂತೆ. ನಾವು ಸಸ್ಯಾಹಾರಿಗಳು. ಅದರಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯುವ ಜೆಲಟಿನ್ ಇದೆಯೇ? ಮನೆಯಲ್ಲಿ ಮಾಡಬಹುದೇ?
– ಓದುಗರು, ಶಿರಸಿ

ಉತ್ತರ: ನಿಶ್ಚಿಂತೆಯಿಂದಿರಿ ತಾಯಿ. ಚೆಂಗ್ಡು ಇರುವ ಸಿಚುವಾನ್ ಪ್ರಾಂತ್ಯದ ಹಳೇ ಪದ್ಧತಿಯ ಬಿಂಗ್‌ಫೆನ್‌ಗೆ ಜೆಲಟಿನ್ ಬೇಡ, ಜೆಲ್ಲಿಯನ್ನು ಒಲೆಯ ಮೇಲೆ ಬೇಯಿಸುವುದೂ ಬೇಡ. ಬದನೆ ಕುಟುಂಬದ ನಿಕಾಂಡ್ರಾ ಎಂಬ ಗಿಡದ ಪುಟ್ಟ ಬೀಜಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಕುದಿಸಿ ಆರಿಸಿದ ನೀರಿನಲ್ಲಿ ಹಿಸುಕುತ್ತಾರೆ. ಲೋಳೆ ಇಳಿದು ನೀರೆಲ್ಲ ಸಣ್ಣ ಗುಳ್ಳೆ. ಆಮೇಲೆ ಸುಣ್ಣದ ತಿಳಿನೀರು ಬೆರೆಸಿ ಅಲುಗಾಡಿಸದೆ ಬಿಡಬೇಕು. ಸುಣ್ಣದ ಕ್ಯಾಲ್ಸಿಯಂ ಬೀಜದ ಪೆಕ್ಟಿನ್ ಎಂಬ ಲೋಳೆ ಪದಾರ್ಥದ ಜೊತೆ ಸೇರಿ ಗಟ್ಟಿಯಾಗುತ್ತದೆ. ಮೇಲೆ ಕೆಂಪು ಸಕ್ಕರೆ ಪಾಕ, ಕಡಲೆಬೀಜ, ಒಣದ್ರಾಕ್ಷಿ, ಎಳ್ಳು. ಕೆಲವೆಡೆ ಹುದುಗಿಸಿದ ಅನ್ನವೂ ಬೀಳುತ್ತದೆ, ಅದರಲ್ಲಿ ತುಸು ಮದ್ಯದಂಶ ಇರುತ್ತದೆ. ಮಗನನ್ನು ಕೇಳುವುದೋ ಬಿಡುವುದೋ ನಿಮಗೆ ಸೇರಿದ್ದು! ಪುಡಿಯಿಂದ ಮಾಡಿದ್ದಾದರೆ ಪೊಟ್ಟಣದ ಮೇಲಿನ ಪಟ್ಟಿ ಓದಲಿ.

ಮನೆಯಲ್ಲಿ? ಬೇಲಿಬದಿಯ ಬೀಜ ಆರಿಸಿ ಪ್ರಯೋಗ ಮಾಡಬೇಡಿ, ದತ್ತೂರಿಯೂ ಅದೇ ಕುಟುಂಬದ್ದು. ದಾಗಡಿ ಬಳ್ಳಿಯನ್ನು ಬಲ್ಲವರು ಗುರುತಿಸಿಕೊಟ್ಟರೆ ಅದರ ಎಲೆ ನೀರಲ್ಲಿ ಕಿವುಚಿ ಸೋಸಿಡಿ. ಸುಣ್ಣವಿಲ್ಲದೆಯೇ ಹೆಪ್ಪಾಗುತ್ತದೆ. ಬೆಲ್ಲದ ಪಾಕಕ್ಕೆ ಚೆನ್ನಾಗಿ ಹೊಂದುತ್ತದೆ, ಬಣ್ಣ ಮಾತ್ರ ಹಸಿರು.