ಬಸ್ಸಿಗೂ ಬಾಕ್ಸಿಗೂ ಸಂಬಂಧ ಇಲ್ಲ

ಡಬ್ಬದ ಹಾಗೆ ಕಾಣುವುದರಿಂದ ‘ಬಾಕ್ಸ್’ ಹೋಗಿ ‘ಬಸ್’ ಆಯಿತಾ ಅಂತ ಕೇಳಿದ್ದೀರಿ. ಇಲ್ಲ. ಅದು ‘ಓಮ್ನಿಬಸ್’ ಎಂಬ ಲ್ಯಾಟಿನ್ ಪದದ ಬಾಲ.

‘ಓಮ್ನಿಸ್’ ಅಂದರೆ ಎಲ್ಲ. ಅದರ ಚತುರ್ಥಿ ವಿಭಕ್ತಿಯ ಬಹುವಚನ ‘ಓಮ್ನಿಬಸ್’, ಅಂದರೆ ‘ಎಲ್ಲರಿಗೆ’. ಮಜಾ ಇರುವುದು ಇಲ್ಲೇ. ಇಂಗ್ಲಿಷಿನವರು ತಲೆ ಕತ್ತರಿಸಿ ಬರೀ ಪ್ರತ್ಯಯದ ತುಂಡು ಇಟ್ಟುಕೊಂಡರು. ನಾವು ‘ಎಲ್ಲರಿಗೆ’ಯಲ್ಲಿ ‘ಎಲ್ಲ’ ಬಿಟ್ಟು, ‘ರಿಗೆ ಬಂತು, ಬೇಗ ಹತ್ತು’ ಅಂದ ಹಾಗೆ! ಅರ್ಥವೆಲ್ಲ ಬಿಟ್ಟುಹೋದ ತಲೆಯಲ್ಲೇ ಇತ್ತು, ಅಲ್ವಾ?

ಗಾಡಿಗೆ ಈ ಹೆಸರು ಬಂದದ್ದು 1820ರ ದಶಕದಲ್ಲಿ, ಫ್ರಾನ್ಸಿನಲ್ಲಿ. ನಾಂತ್ ಊರಿನಲ್ಲಿ ಸ್ಟಾನಿಸ್ಲಾಸ್ ಬೋದ್ರಿ ಎಂಬವರು ಯಾರು ಬೇಕಾದರೂ ಹತ್ತಬಹುದಾದ ಕುದುರೆಗಾಡಿ ಓಡಿಸಿದರು. 1829ರಲ್ಲಿ ಜಾರ್ಜ್ ಶಿಲಿಬೀರ್ ಅದನ್ನೇ ಲಂಡನ್ನಿಗೆ ತಂದರು. ಮೂರು ಕುದುರೆ, ಸುಮಾರು 20 ಜನ. ಪ್ಯಾಡಿಂಗ್ಟನ್‌ನಿಂದ ಹೊರಟ ಗಾಡಿಯ ಕೊನೆಯ ಸ್ಟಾಪ್ ಯಾವುದು ಗೊತ್ತಾ? ಬ್ಯಾಂಕ್! ನಮ್ಮ ಮಂಗಳೂರಿನ ಸಿಟಿ ಬಸ್ಸುಗಳು ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ ಹೋಗುವ ಹಾಗೆ. ಸುಮ್ನೆ ಹೇಳಿದೆ, ಅದು ಬ್ಯಾಂಕ್ ಆಫ್ ಇಂಗ್ಲೆಂಡ್.

ಹಲವು ಪುಸ್ತಕ ಒಟ್ಟಿಗೆ ಹೊಲಿದ ದಪ್ಪ ಸಂಪುಟಕ್ಕೂ ಇಂಗ್ಲಿಷಿನಲ್ಲಿ ಓಮ್ನಿಬಸ್ ಅನ್ನುತ್ತಾರೆ. ಮಾರುತಿ ಓಮ್ನಿಯಲ್ಲಿ ಮಾತ್ರ ತಲೆ ಉಳಿದು ಬಾಲ ಹೋಗಿದೆ.

ಸಂಜೆ ಆರರ ಬಸ್ಸಲ್ಲಿ ಕಂಡಕ್ಟರ್ ‘ಪಿರ ಪೋಲೆ, ಪಿರ ಪೋಲೆ’ (ತುಳುವಿನಲ್ಲಿ ‘ಹಿಂದೆ ಹೋಗಿ’) ಅಂತ ಇನ್ನೂ ನಾಲ್ಕು ಜನರನ್ನು ತುಂಬಿಸುವಾಗ ನನಗೆ ಆ ಲ್ಯಾಟಿನ್ ಅರ್ಥವೇ ನೆನಪಾಗುತ್ತದೆ.